ಅಟ್ಟದ ಮೇಲಿನ ಸಾವಿರ ಪದ

ಗೊಟಗೊಟ, ಗೊಟಗೊಟ.

ಬೆಳಗಿನ ಆರೂವರೆಗೆ ವನಜಾಕ್ಷಿಯ ಮನೆಯ ಅಟ್ಟದಿಂದ ಕೇಳುವ ಸದ್ದು ಇದು. ಸಿಪ್ಪೆ ಸಮೇತ ಸುಮಾರು ಒಂದು ವರ್ಷ ಅಟ್ಟದ ಮೇಲೆ ಕೂತ ತೆಂಗಿನಕಾಯಿಯೊಳಗೆ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನ ಸಹವಾಸ ಬಿಟ್ಟು ಉಂಡೆಯಾದ ಮೇಲೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಹೀಗೆ ಸದ್ದಾಗುತ್ತದೆ. ನೀರು ಇನ್ನೂ ಉಳಿದಿದ್ದರೆ ಗುಳಕ್ ಅನ್ನುತ್ತದೆ. ಗುಳಕ್ ಅಂದದ್ದನ್ನು ಮತ್ತೆ ಮೂಲೆಗೆ ಸೇರಿಸಬೇಕು, ಗೊಟಗೊಟ ಅಂದದ್ದನ್ನು ಸುಲಿಯುವವರಿಗೆ ಕೊಡಬೇಕು. ಹೊನ್ನವಳ್ಳಿಯ ಸುತ್ತ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಮನೆಯಲ್ಲಿ ಗೊಟಗೊಟದ ಹಿಂದೆಯೇ ಒಂದು ದನಿ ಬರುತ್ತದೆ.

"ಪಾರ್ಸಿಮೋನಿಯಸ್. ಅತಿ ಜಿಪುಣತನದ. ಮಜ್ಜಿಗೆಗೆ ನೀರು ಬೆರೆಸಿ, ಆ ನೀರನ್ನೂ ಅಳೆದು ಬಡಿಸುವವರು."

ಕೆಳಗೆ ಒಲೆಯ ಮುಂದೆ ಕೂತಿದ್ದ ಅತ್ತೆ ಮರಿಯಮ್ಮ ತಲೆ ಎತ್ತಿದರು. ಮಜ್ಜಿಗೆ ಅನ್ನುವ ಮಾತು ಮಾತ್ರ ಅವರಿಗೆ ಸರಿಯಾಗಿ ಕೇಳಿಸಿತ್ತು. ಅಷ್ಟೇ ಸಾಕಾಗಿತ್ತು.

"ಅಟ್ಟದ ಮ್ಯಾಲೆ ಯಾರ್ ಜೊತೆಗೇ ಮಾತು?"

"ಕಾಯ್ ಜೊತೆ ಅತ್ತೆ."

"ಏನಂತವೆ?"

"ನಿಮ್ಮನ್ನೇ ಕೇಳ್ತವೆ."

"ಕೇಳ್ದೆ ಏನು? ವರ್ಸೊಪ್ಪತ್ತಿಂದ ನನ್ನೊಲೆ ಹೊಗೆ ಕುಡ್ಕಂಡು ಬಿದ್ದವೆ. ಇಂಗ್ಲೀಸ್ ಪೂರ್ತಿ ಬಂದ್ಮೇಲೆ ಹೇಳು, ಏಣಿ ಇಳ್ಕೊಂಡು ಮಂಡಿಗೆ ತಾವೇ ನಡ್ಕೊಂಡೋಯ್ತವೆ. ಆಟೋ ಬಾಡಿಗೆ ಉಳೀತದೆ."

ವನಜಾಕ್ಷಿ ಆ ಕಾಯನ್ನು ಬಲಗಡೆಯ ರಾಶಿಗೆ ಸೇರಿಸಿದಳು. ಅದರ ಸಿಪ್ಪೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಂಗ್ಲಿಷ್ ಅಕ್ಷರಗಳಿದ್ದವು. ಅಟ್ಟದ ಆ ಮೂಲೆಯಲ್ಲಿದ್ದ ಎಲ್ಲ ಕಾಯಿಗಳ ಮೇಲೂ ಇದ್ದವು.

ವನಜಾಕ್ಷಿಗೆ ನಲವತ್ತೊಂದು. ಕಂದಿಕೆರೆಯ ಹೆಣ್ಣು, ಹೊನ್ನವಳ್ಳಿ ಪಕ್ಕದ ಹಳ್ಳಿಯ ಸೊಸೆ. ಪಿಯುಸಿ ಮುಗಿಸಿ, ಚಿಕ್ಕನಾಯಕನಹಳ್ಳಿಯಲ್ಲಿ ಒಂದು ವರ್ಷ ನರ್ಸರಿ ಟೀಚರ್ ತರಬೇತಿ ಮಾಡಿಕೊಂಡವಳು. ಆ ಸರ್ಟಿಫಿಕೇಟು ಪ್ಲಾಸ್ಟಿಕ್ ಕವರಿನಲ್ಲಿ, ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇದೆ. ಸೀರೆಯನ್ನಾದರೂ ಎರಡು ಸಲ ಹೊರಗೆ ತೆಗೆದಿದ್ದಾಳೆ. ಒಂಬತ್ತು ವರ್ಷದಿಂದ ತಿಪಟೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆಯಾ.

ಆ ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಐದು ಇಂಗ್ಲಿಷ್ ಪದಗಳ ಹೆಸರು ಅದು, ಐದರಲ್ಲಿ ನಾಲ್ಕು ಸುಳ್ಳು. ಐದನೆಯದು ಸ್ಕೂಲ್, ಅದರ ಬಗ್ಗೆಯೂ ನನಗೆ ಅನುಮಾನವಿದೆ. ಗೇಟಿನ ಬಳಿ ಸಿಮೆಂಟಿನ ಜಿರಾಫೆ ನಿಂತಿದೆ. ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಹುಲ್ಲು. ಸುತ್ತ ಹತ್ತು ಮೈಲಿ ತೆಂಗಿನ ತೋಟ ಇರುವ ಊರಿನಲ್ಲಿ, ಮಕ್ಕಳು ಆಡಲಿ ಅಂತ ಪ್ಲಾಸ್ಟಿಕ್ಕಿನ ತೆಂಗಿನ ಮರವನ್ನೂ ತಂದು ನಿಲ್ಲಿಸಿದ್ದಾರೆ. ಅದನ್ನು ನೋಡಿ ಅಪ್ಪ ಅಮ್ಮಂದಿರು ಫೋಟೋ ತೆಗೆದುಕೊಳ್ಳುತ್ತಾರೆ. ತಮ್ಮ ತೋಟದ ಮರದಡಿಯಲ್ಲಿ ಮಗುವನ್ನು ನಿಲ್ಲಿಸಿ ಒಂದು ಫೋಟೋ ತೆಗೆಯದವರು ಅವರು.

ಶಾಲೆ ಬೆಟ್ಟಸ್ವಾಮಿಯದು. ಬೆಟ್ಟಸ್ವಾಮಿಗೆ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇದೆ. ಕೊಬ್ಬರಿ ವ್ಯಾಪಾರದಲ್ಲಿ ಆತ ಕಲಿತದ್ದು ಒಂದೇ, ಗಾತ್ರ ನೋಡಿ ವಿಂಗಡಿಸುವುದು. ಶಾಲೆಯನ್ನೂ ಹಾಗೇ ನಡೆಸುತ್ತಾನೆ. ಕಾರಿನಲ್ಲಿ ಬಂದ ಮಗುವಿಗೆ ಒಂದು ಸಾಲು, ವ್ಯಾನಿನಲ್ಲಿ ಬಂದ ಮಗುವಿಗೆ ಇನ್ನೊಂದು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಎರಡು ಫೋನು, ಯಾರ ಜೊತೆ ಮಾತಾಡುವಾಗಲೂ ಮೇಲೇರಿದ ಒಂದು ಹುಬ್ಬು. ಮೇಲಿನವರ ಜೊತೆ ಮಾತಾಡುವಾಗ ಮಾತ್ರ ಆ ಹುಬ್ಬು ಇಳಿಯುತ್ತದೆ.

ಕಳೆದ ಮೇ ತಿಂಗಳಲ್ಲಿ ನರ್ಸರಿಯ ಒಬ್ಬ ಮಿಸ್ಸು ಕೆಲಸ ಬಿಟ್ಟಾಗ ವನಜಾಕ್ಷಿ ಟ್ರಂಕು ತೆಗೆದು, ಸರ್ಟಿಫಿಕೇಟು ಹಿಡಿದು, ಬೆಟ್ಟಸ್ವಾಮಿಯ ಆಫೀಸಿಗೆ ಹೋದಳು. ಎಂಟು ವರ್ಷ ಆ ಮಕ್ಕಳ ಮೂಗು ಒರೆಸಿದ್ದಳು, ಬೂಟು ಕಟ್ಟಿದ್ದಳು, ಚಡ್ಡಿ ಬದಲಿಸಿದ್ದಳು. ಮಿಸ್ಸು ಬೋರ್ಡಿನ ಕಡೆ ತಿರುಗಿದಾಗ ಅಳುವ ಮಗುವಿನ ಬೆರಳು ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವಳೂ ಅವಳೇ. ಬೋರ್ಡಿನ ಕಡೆ ತಿರುಗುವುದೊಂದು ಬಾಕಿ ಇತ್ತು.

ಬೆಟ್ಟಸ್ವಾಮಿ ಫೋನಿನಲ್ಲಿ ಯಾರಿಗೋ ಕೊಬ್ಬರಿಯ ಬಗ್ಗೆ ಬೈಯುತ್ತಿದ್ದ. ಬೈದು ಮುಗಿಸಿ, ಕವರಿನೊಳಗಿನ ಕಾಗದವನ್ನು ಹೊರಗೆ ತೆಗೆಯದೆಯೇ ನೋಡಿದ.

"ಮಿಸ್ಸಾ? ನೀನಾ?"

"ಟ್ರೇನಿಂಗ್ ಆಗೈತೆ ಸಾರ್."

"ಯಾವ ಕಾಲದ್ದಮ್ಮ ಇದು! ಈಗ ಎ ಫಾರ್ ಆ್ಯಪಲ್ ಅಂದ್ರೆ ಪೇರೆಂಟ್ಸು ನನ್ನ ಹರ್ದ್ ಹಾಕ್ತಾರೆ. ಹೈ ಲೆವೆಲ್ ಇಂಗ್ಲಿಷ್ ಬೇಕು. ಹೈ ಲೆವೆಲ್."

ಹಾಗಂದವನು ಸುತ್ತ ನೋಡಿದ. ಕಿಟಕಿಯ ಬಾಗಿಲು ಗಾಳಿಗೆ ಬಡಿಯದಿರಲಿ ಅಂತ ಸಂದಿಗೆ ಒಂದು ದಪ್ಪ ಪುಸ್ತಕ ಸಿಕ್ಕಿಸಿದ್ದರು. ಕನ್ನಡಕ ಹಾಕಿದ ಗೂಬೆಯ ಚಿತ್ರವಿದ್ದ ಪುಸ್ತಕ. ಅದನ್ನೆಳೆದು ಮೇಜಿನ ಮೇಲೆ ಹಾಕಿದ.

"ತಗಾ. ಸಾವ್ರ ಪದ ಐತೆ, ಅರ್ಥನೂ ಐತೆ. ಅಷ್ಟೂ ಕಲ್ತ್ಕಂಡ್ ಬಾ. ನಾನೇ ಕೂತ್ಕಂಡು ಒಂದೊಂದ್ನೂ ಕೇಳ್ತೀನಿ. ಸರಿಯಾಗಿ ಹೇಳಿದ್ ದಿವ್ಸ ನೀನೇ ಮಿಸ್ಸು. ಆಯ್ತಾ?"

ಪಕ್ಕದ ಮೇಜಿನ ಗುಮಾಸ್ತ ನಕ್ಕ. ಬೆಟ್ಟಸ್ವಾಮಿಯೂ ನಕ್ಕ. ಪುಸ್ತಕ ತೆಗೆದ ಕಿಟಕಿ ಧಡ್ ಅಂತ ಬಡಿಯಿತು. ವನಜಾಕ್ಷಿ ಪುಸ್ತಕವನ್ನು ಸೆರಗಿನಲ್ಲಿ ಒರೆಸಿಕೊಂಡು ಬಸ್ಸು ಹತ್ತಿದಳು. ಆ ಹೊತ್ತಿಗೆ ಆ ಕೋಣೆಯಲ್ಲಿ ಕೊಟ್ಟ ಮಾತನ್ನು ಮಾತು ಅಂತ ನಂಬಿದವಳು ಅವಳೊಬ್ಬಳೇ.

ಆ ಪುಸ್ತಕವನ್ನು ಬರೆದವನು ಯಾರೋ, ಯಾರಿಗಾಗಿ ಬರೆದನೋ ನನಗೆ ಗೊತ್ತಿಲ್ಲ. ಒಂದು ಗೆರೆ ಇಂಗ್ಲಿಷ್ ಪದ, ಒಂದು ಗೆರೆ ಅಕಾಲದಲ್ಲಿ ಮುದಿಯಾದ ಕನ್ನಡದ ಅರ್ಥ, ಒಂದು ಗೆರೆ ಉದಾಹರಣೆ. ಉದಾಹರಣೆಗಳಲ್ಲಿ ಬರುವ ಜನ ಯಾವಾಗಲೂ ಲೈಬ್ರರಿಗೆ ಹೋಗುತ್ತಿರುತ್ತಾರೆ, ಇಲ್ಲವೇ ಹಡಗು ಹತ್ತುತ್ತಿರುತ್ತಾರೆ. ದನ ಕಟ್ಟುವವರು ಒಬ್ಬರೂ ಇಲ್ಲ. ಮೊದಲ ವಾರ ವನಜಾಕ್ಷಿ ಅದನ್ನು ಬಾಯಿಪಾಠ ಮಾಡಲು ನೋಡಿದಳು. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಗಲಾಟೆಯಲ್ಲಿ ಕೊಚ್ಚಿಹೋಗುತ್ತಿತ್ತು.

ಅಟ್ಟದ ಯೋಚನೆ ಬಂದದ್ದು ಆಗ. ಈ ಸೀಮೆಯ ಕೆಲವು ಮನೆಗಳಲ್ಲಿ ಸೊಸೆ ಬಂದ ವರ್ಷ ಅವಳಿಗೆಂದು ಒಂದಷ್ಟು ಮರ ತೋರಿಸುವ ರೂಢಿ ಇದೆ. ವನಜಾಕ್ಷಿಗೆ ಮಾವ ಬಾವಿಯ ಪಕ್ಕದ ಹನ್ನೆರಡು ಮರ ತೋರಿಸಿದ್ದರು. ಮಾವ ಹೋದರು, ಮಾತು ಉಳಿಯಿತು. ಆ ಹನ್ನೆರಡು ಮರದ ಕಾಯಿ ಅಟ್ಟದ ಒಂದು ಮೂಲೆಯಲ್ಲಿ, ಬಿದಿರಿನ ತಡಿಕೆಯ ಆಚೆ ಬೇರೆಯೇ ಇರುತ್ತದೆ. ವರ್ಷಕ್ಕೆ ಹೆಚ್ಚು ಕಡಿಮೆ ಸಾವಿರ ಕಾಯಿ. ಪುಸ್ತಕದಲ್ಲಿ ಸಾವಿರ ಪದ. ಶಾಲೆಯ ನೆಲ ಗುಡಿಸುವಾಗ ಸಿಕ್ಕ ಸೀಮೆಸುಣ್ಣದ ಚೂರುಗಳು ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಇರುತ್ತಿದ್ದವು. ಒಂದೊಂದು ಕಾಯಿಗೆ ಒಂದೊಂದು ಪದ ಬರೆದಳು. ದಿನಾ ಬೆಳಿಗ್ಗೆ ಅಟ್ಟ ಹತ್ತಿ ಕಾಯಿ ತಿರುವಿಹಾಕುವ ಕೆಲಸ ಹೇಗೂ ಇತ್ತು. ತಿರುವಿಹಾಕುತ್ತ ಓದಿದಳು. ಹೊಗೆಗೆ ಮಾಸಿದ ಅಕ್ಷರವನ್ನು ಮತ್ತೆ ತಿದ್ದಿದಳು.

ಕಾಯಿ ಮಾಗುವ ಲೆಕ್ಕವನ್ನೇ ಅವಳು ಪದಕ್ಕೂ ಹಿಡಿದಳು. ಕಾಯಿ ಎಡಗಡೆಯಿಂದ ಬಲಗಡೆಗೆ ಹೋಗಬೇಕಾದರೆ ಅದು ಗೊಟಗೊಟ ಅನ್ನಬೇಕು, ಜೊತೆಗೆ ಅದರ ಮೇಲಿನ ಪದದ ಅರ್ಥವನ್ನು ಅವಳು ತನ್ನ ಮಾತಿನಲ್ಲಿ, ತಾನು ಕಂಡ ಒಬ್ಬ ಮನುಷ್ಯನನ್ನು ಎದುರಿಗಿಟ್ಟುಕೊಂಡು ಹೇಳಬೇಕು. ಪುಸ್ತಕದ ಮಾತನ್ನೇ ಒಪ್ಪಿಸಿದರೆ ಅದು ಹಸಿ. ಕಾಯಿ ಒಣಗಿ ಪದ ಒಣಗದಿದ್ದರೆ ಕಾಯಿ ಎಡಗಡೆಯೇ ಇರಬೇಕು. ತೆಂಗು ಬೆಳೆಯುವವರಲ್ಲದೆ ಬೇರೆ ಯಾರೂ ಇಂಥ ಹುಚ್ಚು ನಿಯಮ ಮಾಡಿಕೊಳ್ಳಲಾರರು.

ಗಂಡ ಕಲ್ಲೇಶ್ ಒಂದು ದಿನ ಅಟ್ಟ ಹತ್ತಿದವನು ಎಡಗಡೆಯ ರಾಶಿಯಿಂದ ಒಂದು ಕಾಯಿ ತೆಗೆದು ಅಲ್ಲಾಡಿಸಿದ.

"ಇದು ಒಣಗೈತಲ್ಲೇ."

"ಕಾಯಿ ಒಣಗೈತೆ. ಪದ ಒಣಗಿಲ್ಲ ಬುಡ್ರಿ, ಅಲ್ಲೇ ಇರ್ಲಿ."

ಕಲ್ಲೇಶ್ ಕಾಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಮತ್ತೆ ಕಾಯನ್ನು ಅಲ್ಲೇ ಇಟ್ಟು ಇಳಿದುಹೋದ. ಆ ತಿಂಗಳಲ್ಲೇ ಟಾಸಿಟರ್ನ್ ಅನ್ನುವ ಪದ ಒಣಗಿತು. ಮಿತಭಾಷಿ, ಅಂತಿತ್ತು ಪುಸ್ತಕದಲ್ಲಿ. ವನಜಾಕ್ಷಿ ಹೇಳಿದ್ದು ಬೇರೆ: "ಮಾತಾಡಿದ್ರೆ ನಾಲಿಗೆ ಸವೀತದೆ ಅಂತ ಉಳಿಸ್ಕೊಂಡಿರೋನು."

ಪದಗಳು ಒಣಗುತ್ತಾ ಹೋದಂತೆ ವನಜಾಕ್ಷಿಯೊಳಗೆ ಒಂದು ಬದಲಾವಣೆ ಆಯಿತು. ಅದನ್ನು ಒಳ್ಳೆಯದು ಅಂತ ಹೇಳಲಾರೆ. ಮೊದಲು ಅವಳಿಗೆ ಜನರ ಮೇಲೆ ಬೇಸರವಿತ್ತು, ಆದರೆ ಆ ಬೇಸರಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ ಬೇಸರ ಸಂಜೆಯ ಹೊತ್ತಿಗೆ ಇಳಿದುಹೋಗುತ್ತದೆ. ಈಗ ಒಂದೊಂದಕ್ಕೂ ಹೆಸರು ಸಿಕ್ಕಿತು. ಮಾತು ನಿಲ್ಲಿಸದ ಹೊನ್ನವಳ್ಳಿ ಬಸ್ಸಿನ ಕಂಡಕ್ಟರು ಲೊಕ್ವೇಶಸ್. ಮೇಲಿನವರನ್ನು ಕಂಡರೆ ಬೆನ್ನು ಬಗ್ಗಿಸುವ ಶಾಲೆಯ ಗುಮಾಸ್ತ ಅಬ್ಸೀಕ್ವಿಯಸ್. ಸುಮ್ಮಸುಮ್ಮನೆ ಜಗಳ ತೆಗೆಯುವ ಪಕ್ಕದ ಮನೆಯ ಸುವರ್ಣಮ್ಮ ಕ್ಯಾಂಟ್ಯಾಂಕರಸ್. ಆ ಕಾಯಿಯಂತೂ ಅಲ್ಲಾಡಿಸಿದಾಗ ಸುವರ್ಣಮ್ಮನ ದನಿಯಲ್ಲೇ ಸದ್ದು ಮಾಡುತ್ತಿತ್ತು. ಅವಳು ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬಸ್ಸಿನಲ್ಲಿ ಕೂತಾಗ ಅವಳ ತುಟಿಯ ಒಂದು ತುದಿ ಕೆಳಗಿಳಿದಿರುತ್ತಿತ್ತು. ಹಲವು ವರ್ಷ ತಲೆ ತಗ್ಗಿಸಿ ನಡೆದವರಿಗೆ ಆ ಇಳಿದ ತುಟಿ ಎಷ್ಟು ಹಿತ ಅನ್ನುವುದು ನನಗೆ ಗೊತ್ತು. ಅದಕ್ಕೇ ಅವಳನ್ನು ಬೈಯಲಾರೆ.

ಡಿಸೆಂಬರಿನ ಶಾಲಾ ವಾರ್ಷಿಕೋತ್ಸವದಲ್ಲಿ ಬೆಟ್ಟಸ್ವಾಮಿ ಫೋನು ನೋಡಿಕೊಂಡು ಇಂಗ್ಲಿಷಿನಲ್ಲಿ ಭಾಷಣ ಓದಿದ. ಫೋನಿಗೇ ಹೇಳಿ, ಕನ್ನಡ ಅಕ್ಷರದಲ್ಲಿ ಬರೆಸಿಕೊಂಡ ಭಾಷಣ. ಅದರ ನಡುವೆ, ನಮ್ಮ ಶಾಲೆಯ ಬೆಳವಣಿಗೆ ಎಷ್ಟು ಆಸ್ಟೆಂಟೇಶಸ್ ಅಂದರೆ, ಅಂತ ತನ್ನದೂ ಒಂದು ಪದ ಸೇರಿಸಿ ನಿಲ್ಲಿಸಿದ. ಎಲ್ಲಿ ಕೇಳಿದ್ದನೋ, ದೊಡ್ಡ ಪದ ಅಂತ ಇಟ್ಟುಕೊಂಡಿದ್ದ. ಪೇರೆಂಟ್ಸು ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ, ಕಪ್ಪೆಯ ವೇಷ ಹಾಕಿದ ಮಗುವನ್ನು ಹಿಡಿದುಕೊಂಡಿದ್ದ ವನಜಾಕ್ಷಿಗೆ ಮಾತ್ರ ಗೊತ್ತಿತ್ತು, ಅದರ ಅರ್ಥ ಆಡಂಬರದ, ತೋರಿಕೆಯ ಅಂತ. ಒಂಬತ್ತು ವರ್ಷದಲ್ಲಿ ಆ ಮನುಷ್ಯ ಶಾಲೆಯ ಬಗ್ಗೆ ಹೇಳಿದ ಒಂದೇ ನಿಜ ಅದು. ಅವಳು ಮೂಗಿನಲ್ಲೇ ನಕ್ಕಳು. ಕಪ್ಪೆ ತಿರುಗಿ ನೋಡಿತು.

ನರ್ಸರಿಯ ಮಿಸ್ಸು ಆಗ ಜೀವಿತಾ, ಇಪ್ಪತ್ತೆರಡರ ಹುಡುಗಿ. ತಿಪಟೂರಿನವಳು, ಸ್ಕೂಟಿಯಲ್ಲಿ ಬರುತ್ತಿದ್ದಳು. ಮಗು ಅತ್ತರೆ ತಾನೂ ಅಳುವಂತಾಗುತ್ತಿದ್ದ, ಕೆಟ್ಟವಳಲ್ಲದ ಹುಡುಗಿ.

"ವನಜಕ್ಕ, ಯಾಕ್ ನಗ್ತೀರ? ಸಾರ್ ಎಷ್ಟ್ ಚೆನ್ನಾಗ್ ಮಾತಾಡಿದ್ರಲ್ಲ."

"ಹೂಂ ಕಣಮ್ಮ. ನಿಜಾನೇ ಹೇಳಿದ್ರು."

ಮಾರ್ಚಿನಲ್ಲಿ ಜೀವಿತಾ ಮದುವೆಯ ಕಾರ್ಡು ತಂದುಕೊಟ್ಟಳು. ಅಮ್ಮಸಂದ್ರದ ಗಂಡು, ಮದುವೆಯ ಮೇಲೆ ಕೆಲಸಕ್ಕೆ ಬರುವುದಿಲ್ಲ. ಆಯಾಗಳಿಗೆಲ್ಲ ಕಾರ್ಡು ಸಿಕ್ಕಿ ಸಂತೋಷವಾಯಿತು. ವನಜಾಕ್ಷಿ ತಿಂಗಳು ಎಣಿಸಿದಳು. ಜೂನಿಗೆ ಜಾಗ ಖಾಲಿ. ಅಂದೇ ಸಂಜೆ ಅಟ್ಟ ಹತ್ತಿ ಎಡಗಡೆಯ ರಾಶಿಯನ್ನು ಎಣಿಸಿದಳು. ನೂರಾ ಮೂವತ್ತು ಕಾಯಿ ಉಳಿದಿದ್ದವು. ಮೇ ಎರಡನೇ ವಾರದ ಹೊತ್ತಿಗೆ ಹದಿನೇಳಕ್ಕೆ ಇಳಿದವು.

ಆ ಹದಿನೇಳರಲ್ಲಿ ಒಂದು ಕಾಯಿ ಆರು ತಿಂಗಳಿಂದ ಅವಳನ್ನು ಕಾಡಿಸುತ್ತಿತ್ತು. ಕಾಯಿಯೇನೋ ಗಲಗಲ ಅಂತ ಒಣಗಿತ್ತು. ಪದ ಕಂಡಿಸೆಂಡಿಂಗ್. ಪುಸ್ತಕದ ಅರ್ಥ: ಮೇಲಿನವನು ಕೆಳಗಿನವರ ಮಟ್ಟಕ್ಕೆ ದಯೆಯಿಂದ ಇಳಿದು ಬಂದು ನಡೆದುಕೊಳ್ಳುವ. ಒಳ್ಳೆಯ ಗುಣವಲ್ಲವೇ, ಅಂದುಕೊಂಡಳು. ಆದರೆ ಕೆಳಗಿನ ಉದಾಹರಣೆ: ಆತನ ಈ ಬಗೆಯ ನಡತೆಯಿಂದ ಆಕೆಗೆ ತಡೆಯಲಾರದ ಸಿಟ್ಟು ಬಂತು. ದಯೆಯಿಂದ ಇಳಿದು ಬಂದವನ ಮೇಲೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರೆಯೇ? ಅಚ್ಚಿನ ತಪ್ಪಿರಬೇಕು ಅಂತ ಒಮ್ಮೆ ಅನ್ನಿಸಿತು. ತನಗೆ ಗೊತ್ತಿದ್ದ ಎಲ್ಲರನ್ನೂ ಆ ಕಾಯಿಯ ಎದುರಿಗೆ ತಂದು ನಿಲ್ಲಿಸಿದಳು. ಯಾರಿಗೂ ಹೊಂದಲಿಲ್ಲ. ಕಾಯಿ ಎಡಗಡೆಯೇ ಉಳಿಯಿತು.

ಈ ವರ್ಷ ಕೊಬ್ಬರಿಗೆ ಯಾರೂ ಕಾಣದ ಬೆಲೆ ಬಂದಿತ್ತು. ಮರಗಳು ರೋಗ ಹತ್ತಿ ಕಾಯಿ ಕಡಿಮೆ ಬಿಟ್ಟಿದ್ದವು, ಅಟ್ಟಗಳು ಬರಿದಾಗಿದ್ದವು. ಮಂಡಿಯಲ್ಲಿ ಕೂತು ರೈತರನ್ನು ಕಾಯಿಸುತ್ತಿದ್ದವರೇ ಈಗ ಹಳ್ಳಿ ಹಳ್ಳಿ ತಿರುಗಿ ಅಟ್ಟದ ಕಡೆ ಕತ್ತು ಎತ್ತಿ ನೋಡುತ್ತಿದ್ದರು. ವ್ಯಾಪಾರ ಕುದುರಿದರೆ ವ್ಯಾಪಾರಿ ಮೇಲಿನ ನಾಲ್ಕು ಕಾಯಿಗೆ ಸೀಮೆಸುಣ್ಣದಲ್ಲಿ ತನ್ನ ಹೆಸರಿನ ಅಕ್ಷರ ಬರೆದು ಹೋಗುತ್ತಾನೆ. ಒಬ್ಬನ ಅಕ್ಷರ ಬಿದ್ದ ರಾಶಿಯನ್ನು ಇನ್ನೊಬ್ಬ ಕೇಳುವಂತಿಲ್ಲ. ಮಿಕ್ಕ ಯಾವ ಮರ್ಯಾದೆ ಇಲ್ಲದವರೂ ಈ ಒಂದನ್ನು ಉಳಿಸಿಕೊಂಡಿದ್ದಾರೆ.

ಮೇ ತಿಂಗಳ ಆ ಶನಿವಾರ, ಮರಿಯಮ್ಮನ ಮಜ್ಜಿಗೆಯ ಮಾತು ನಡೆದ ಬೆಳಿಗ್ಗೆ, ಎಂಟು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಕಾರು ನಿಂತಿತು. ಬೆಟ್ಟಸ್ವಾಮಿಯೇ ಬಂದಿದ್ದ. ಕಲ್ಲೇಶ್ ತನ್ನ ಕಾಯನ್ನೆಲ್ಲ ತಿಂಗಳ ಹಿಂದೆಯೇ ಸುಲಿಸಿ ಮಾರಿದ್ದ.

"ಅಟ್ಟದಲ್ಲಿ ಇನ್ನೂ ರಾಶಿ ಐತಂತಲ್ಲಪ್ಪ."

"ಅದು ಅವಳ್ದು. ಅವಳ್ನೇ ಕೇಳಿ," ಅಂದ ಕಲ್ಲೇಶ್. ಆ ದಿನದ ಮಟ್ಟಿಗೆ ಅವನ ಮಾತು ಮುಗಿಯಿತು.

ವನಜಾಕ್ಷಿ ಅಟ್ಟದಿಂದ ಬಗ್ಗಿ ನೋಡಿದಳು. ಸಾರ್ ಮನೆಗೇ ಬಂದಿದ್ದಾರೆ. ಪದ ಕೇಳಲು ಬಂದಿದ್ದಾರೆ ಅಂತ ಅವಳಿಗೆ ಒಂದು ಕ್ಷಣ ಅನ್ನಿಸಿದ್ದನ್ನು ನಾನು ಮುಚ್ಚಿಡುವುದಿಲ್ಲ. ಸೆರಗು ಸರಿಮಾಡಿಕೊಂಡಳು. ಹದಿನೇಳು ಬಾಕಿ ಇದೆ ಅಂತ ಮೊದಲೇ ಹೇಳಿಬಿಡಬೇಕು, ಅಂದುಕೊಂಡಳು.

ಬೆಟ್ಟಸ್ವಾಮಿ ಮೊಣಕಾಲು ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಶಿವಶಿವ ಅನ್ನುತ್ತ ಏಣಿ ಹತ್ತಿ ಬಂದ. ಬಂದವನು ಆಯಾಳ ಕಡೆ ನೋಡಲಿಲ್ಲ. ರಾಶಿಯ ಕಡೆ ನೋಡಿದ. ಮುಖ ಕಪ್ಪಾಯಿತು.

"ಯಾರ್ ಗುರ್ತಮ್ಮ ಇದು? ಆಗ್ಲೇ ಕೊಟ್ಬುಟ್ಟಿದೀಯಾ?"

"ಇಲ್ಲ ಸಾರ್, ಅದು..."

"ಟಿ ಅಂತ ಐತೆ. ಪಕ್ಕದ ಮಂಡಿ ತೋಂಟದಾರ್ಯನ್ದಾ? ಆ ನನ್ಮಗ ಇಲ್ಲಿಗೂ ಬಂದಿದ್ನಾ? ನಾಕ್ ಕಾಯ್ಗೆ ಹಾಕೋದು ಬುಟ್ಟು ಅಷ್ಟಕ್ಕೂ ಗೀಚವ್ನಲ್ಲ, ಇಷ್ಟಿಷ್ಟುದ್ದ! ನನ್ಮೇಲೆ ಅಷ್ಟ್ ಅನುಮಾನನಾ ಅವನ್ಗೆ?"

"ವ್ಯಾಪಾರದ ಗುರ್ತಲ್ಲ ಸಾರ್. ನೀವು ಕೊಟ್ಟ ಪುಸ್ತಕದ ಪದ."

"ಯಾವ್ ಪುಸ್ತಕ?"

ಬೆಟ್ಟಸ್ವಾಮಿಯ ಮುಖದಲ್ಲಿ ನೆನಪಿನ ಒಂದು ಗೆರೆಯೂ ಇರಲಿಲ್ಲ.

"ಸಾವಿರ ಪದದ್ದು. ಗೂಬೆ ಚಿತ್ರದ್ದು. ಹೋದ್ ವರ್ಸ ಆಫೀಸಲ್ಲಿ ಕೊಟ್ರಲ್ಲ ಸಾರ್. ಕಲ್ತ್ಕಂಡ್ ಬಾ, ನಾನೇ ಕೂತ್ಕಂಡು ಕೇಳ್ತೀನಿ ಅಂದಿದ್ರಿ."

"ಓ! ಆ ಕಿಟ್ಕಿ ಪುಸ್ತಕನಾ! ಯಾರೋ ಎತ್ಕಂಡೋದ್ರು ಅಂತ ಗುಮಾಸ್ತನ್ನ ಬೈದಿದ್ದೆ ಕಣಮ್ಮ. ವರ್ಸದಿಂದ ಕಿಟ್ಕಿ ಬಡ್ಕಂತನೇ ಐತೆ." ನಗು ಬಂತು ಅವನಿಗೆ. ಹೊಟ್ಟೆ ಹಿಡಿದು ನಕ್ಕ. "ನಾನ್ ಅಂದೆ ಅಂತ ನೀನು ಕಲ್ತುಬುಟ್ಯಾ? ಸಾವ್ರನೂ?"

"ಒಂಬೈನೂರ ಎಂಬತ್ಮೂರು ಸಾರ್. ಹದಿನೇಳು ಬಾಕಿ. ಕೇಳಿ ಸಾರ್."

"ಏನ್ ಕೇಳ್ಬೇಕು?"

"ಯಾವ್ದಾದ್ರೂ ಒಂದು. ಬಲಗಡೆ ರಾಶೀಲಿ ಯಾವ್ದಾದ್ರೂ ಒಂದು ಎತ್ಕೊಂಡು ಕೇಳಿ."

ಅವಳು ಕೈ ಕಟ್ಟಿಕೊಂಡು ನಿಂತಳು. ಒಂಬತ್ತು ವರ್ಷ ಮಕ್ಕಳಿಗೆ ಹಾಗೆ ನಿಲ್ಲುವುದನ್ನು ಕಲಿಸಿದವಳು. ಗವಾಕ್ಷಿಯ ಬೆಳಕು ಅವಳ ಮುಖದ ಮೇಲಿತ್ತು. ಕೆಳಗೆ ಮರಿಯಮ್ಮ ಕೂಡ ಒಲೆ ಊದುವುದನ್ನು ನಿಲ್ಲಿಸಿದ್ದರು.

ಬೆಟ್ಟಸ್ವಾಮಿ ಒಂದು ಕಾಯಿ ಎತ್ತಿಕೊಂಡ. ಮೊದಲು ಅಲ್ಲಾಡಿಸಿ ನೋಡಿದ; ಗೊಟಗೊಟ ಅಂದಿತು, ಕಣ್ಣು ಅರಳಿತು. ಆಮೇಲೆ ಅಕ್ಷರದ ಕಡೆ ತಿರುಗಿಸಿದ. ಇನ್ನೊಂದು ಕಡೆಗೂ ತಿರುಗಿಸಿದ. ತುಟಿ ಎರಡು ಸಲ ಅಲುಗಿತು, ಸದ್ದು ಹೊರಡಲಿಲ್ಲ.

"ಬೆಳಕು ಸಾಲ್ದು ಇಲ್ಲಿ," ಅಂದ.

ಬೆಳಕು ಸಾಕಷ್ಟಿತ್ತು. ವನಜಾಕ್ಷಿಗೆ ಅಲ್ಲಿಂದಲೇ ಓದಲು ಬರುತ್ತಿತ್ತು. ಮ್ಯಾಗ್ನಾನಿಮಸ್, ದೊಡ್ಡ ಮನಸ್ಸಿನ; ಪುಸ್ತಕ ಕೊಟ್ಟ ಸಾರನ್ನೇ ನೆನೆದು ಅವಳು ಒಣಗಿಸಿದ ಪದ.

ಒಂದು ವರ್ಷ ಅವಳು ಎದುರಿಗೆ ಕಂಡುಕೊಂಡಿದ್ದ ಪರೀಕ್ಷೆ ಇದು. ಕುಳಿತು ಕೇಳುವವನು, ನಿಂತು ಹೇಳುವವಳು. ಕೇಳುವವನಿಗೆ ಓದಲೂ ಬರುವುದಿಲ್ಲ ಅನ್ನುವುದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ. ಅವಳ ತುಟಿಯ ತುದಿ ಇಳಿಯಲಿಲ್ಲ. ಇಳಿಸಲೂ ಆಗದಷ್ಟು ಕೆಳಗಿತ್ತು ಈ ಮನುಷ್ಯನ ಜಾಗ.

"ಅದೆಲ್ಲ ಯಾಕಮ್ಮ ಈಗ," ಬೆಟ್ಟಸ್ವಾಮಿ ಕಾಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೂತ. "ಮಿಸ್ಸಾಗ್ಬೇಕು, ಅಷ್ಟೇ ತಾನೆ? ಆ ಹುಡ್ಗಿ ಹೋಗ್ತಾವ್ಳೆ. ಜೂನಿಂದ ನೀನೇ ಮಿಸ್ಸು. ಹೋಗ್ಲಿ ಅತ್ಲಾಗೆ. ಕಾಯಿ ಇವತ್ತೇ ಸುಲಿಸ್ಬುಡ್ತೀನಿ, ಆಳುಗಳ್ನ ಕಳಿಸ್ತೀನಿ. ರೇಟು ನಾನು ನೋಡ್ಕಂಡ್ ಹಾಕ್ತೀನಿ, ಅದ್ರಾಗೆ ನೀನು ಎಳೆದಾಡ್ಬಾರ್ದು."

"ಪದ ಕೇಳಲ್ವಾ ಸಾರ್?"

"ಪದ ಗಿದ ಬುಡಮ್ಮ. ಮಕ್ಕಳಿಗೆ ಈ ಪದ ಹೇಳಿದ್ರೆ ಜ್ವರ ಬತ್ತದೆ. ಆಯಾ ಸಿಗೋವರ್ಗೂ ಮೂಗ್ ಒರ್ಸೋದೂ ನೀನೇ ನೋಡ್ಕ. ಪೇರೆಂಟ್ಸ್ ಮೀಟಿಂಗ್ ದಿವ್ಸ ಮಾತ್ರ ಒಳಗೇ ಇರು, ಯಾರಾದ್ರೂ ಗುರ್ತು ಹಿಡಿದಾರು. ಏನಂತೀಯ?"

ಅವಳು ಕಟ್ಟಿದ ಕೈ ಬಿಟ್ಟಳು. ಅದನ್ನು ಅವನು ಸಂತೋಷ ಅಂತ ತಿಳಿದ. ಉದಾರವಾದ ದನಿಯಲ್ಲಿ ಮುಂದುವರಿಸಿದ:

"ನೋಡು, ನಾನಾಗಿರೊ ಹೊತ್ಗೆ ನಿನ್ನಂಥೋರ್ ಮನೆಗೆ ಬಂದು, ಅಟ್ಟ ಹತ್ತಿ, ನಿನ್ನ ಸರಿಸಮ ಕೂತ್ಕಂಡು ಮಾತಾಡ್ತಿದೀನಿ. ಯಾವ ಮಂಡಿ ಯಜಮಾನ ಹಿಂಗ್ ಇಳಿದ್ ಬತ್ತಾನೆ ಹೇಳು? ನನಗೆ ದೊಡ್ಡೋರು ಚಿಕ್ಕೋರು ಅಂತ ಭೇದ ಇಲ್ಲ ಕಣಮ್ಮ. ಅದು ನಮ್ಮಪ್ಪ ಕಲಿಸಿದ್ದು. ನಮ್ಮಪ್ಪನೂ ಹಿಂಗೇ, ಆಳುಗಳ್ ಜೊತೆ..."

ವನಜಾಕ್ಷಿ ಬಗ್ಗಿದಳು. ಎಡಗಡೆಯ ಹದಿನೇಳು ಕಾಯಿಗಳಲ್ಲಿ ಆರು ತಿಂಗಳಿಂದ ಕಾಡಿಸಿದ ಆ ಒಂದನ್ನು ಎತ್ತಿಕೊಂಡು, ಅಲ್ಲಾಡಿಸಿ ನೋಡದೆ, ಬಲಗಡೆಯ ರಾಶಿಯ ಮೇಲೆ ಇಟ್ಟಳು. ಆಮೇಲೆ ಬೆಟ್ಟಸ್ವಾಮಿಯ ಕಂಕುಳಿನಿಂದ ಇನ್ನೊಂದು ಕಾಯನ್ನು, ಮಗುವಿನ ಬಾಯಿಂದ ಸೀಮೆಸುಣ್ಣ ಬಿಡಿಸುವ ಹಾಗೆ, ಮೆಲ್ಲಗೆ ಬಿಡಿಸಿಕೊಂಡು, ಎಡಗಡೆ ಖಾಲಿಯಾದ ಜಾಗಕ್ಕೆ ಸೇರಿಸಿದಳು.

"...ಆಳುಗಳ್ ಜೊತೆ ಕೂತ್ಕಂಡೇ ಮುದ್ದೆ ತಿಂತಿದ್ದ. ಏನಂದೆ? ಆಯ್ತು, ರೇಟಲ್ಲಿ ಇನ್ನೊಂದ್ ಚೂರು ಬೇಕಾದ್ರೆ..."

ಅವಳು ಏಣಿಗೆ ಬೆನ್ನು ಕೊಟ್ಟು ಇಳಿಯತೊಡಗಿದ್ದಳು. ಮಾತು ನಿಲ್ಲಿಸಲು ಬೆಟ್ಟಸ್ವಾಮಿಗೆ ಕಾರಣ ಕಾಣಲಿಲ್ಲ. ಕೇಳುವವರು ಇದ್ದಾರೆಯೇ ಅಂತ ನೋಡಿ ಮಾತಾಡುವ ಅಭ್ಯಾಸ ಅವನಿಗಿರಲಿಲ್ಲ. ಒಲೆಯ ಮುಂದೆ ಮರಿಯಮ್ಮ ಊದುಗೊಳವೆ ಹಿಡಿದು ಸೊಸೆಯನ್ನು ನೋಡುತ್ತಿದ್ದರು.

"ಏನಂತೆ ಅದು ಮ್ಯಾಲಿಂದು?"

"ಇನ್ನೂ ಹಸಿ ಅತ್ತೆ," ಅಂದಳು ವನಜಾಕ್ಷಿ.

"ವನಜಾಕ್ಷಮ್ಮ," ಅಟ್ಟದಿಂದ ದನಿ ಬಂತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಹೆಸರಿಗೆ ಅಮ್ಮ ಸೇರಿತ್ತು. "ವನಜಾಕ್ಷಮ್ಮ, ಮಾತು ಇನ್ನೂ ಮುಗ್ದಿಲ್ಲ ಕಣಮ್ಮ, ನಾನು ಹೇಳೋದ್ ಪೂರ್ತಿ..."

ಅವಳು ಬಿದ್ದ ಗರಿಯ ಹೊರೆ ಕಟ್ಟುವ ಹಗ್ಗ ತೆಗೆದುಕೊಂಡು, ಅಂಗಳದ ಕಾರಿನ ಪಕ್ಕದಿಂದ ಹಾದು, ಬಾವಿಯ ಕಡೆಯ ಹನ್ನೆರಡು ಮರಗಳತ್ತ ಹೊರಟುಹೋದಳು.